ಕೋಲಿಗೆ ತಕ್ಕ ಎರೆ

೧೯೩೨ನೆಯ ಇಸವಿಯ ಜೂನ್ ೨. ಅಮೆರಿಕದ ಜಾರ್ಜಿಯ ಸಂಸ್ಥಾನದಲ್ಲಿ ಮಳೆ ಸುರಿದು ಹೊಲಗಳೆಲ್ಲ ಕೆಸರಾಗಿದ್ದುವು. ಉಳುಮೆಗೆ ಆಸ್ಪದವಿರಲಿಲ್ಲ. ಇಪ್ಪತ್ತರ ಹರೆಯದ ಜಾರ್ಜ್ ಪೆರಿ ಎಂಬ ಬಡ ರೈತ ಗೆಳೆಯನೊಬ್ಬನನ್ನು ಕೂಡಿಕೊಂಡು ಮೀನು ಹಿಡಿಯಲು ಮಾಂಟ್‌ಗೊಮೆರಿ ಕೆರೆಗೆ ಹೋದನು. ಕೆರೆಯೆಂದರೆ ದೊಡ್ಡದೇನಲ್ಲ, ಓಕ್‌ಮಲ್ಗಿ ನದಿ ತನ್ನ ಹಳೆಯ ಪಾತ್ರವನ್ನು ತೊರೆದು ಸರಿದಾಗ ಹಿಂದೆ ಉಳಿದ ನೀರು. ಇಬ್ಬರಿಗೂ ಸೇರಿ ಇದ್ದುದು ಒಂದು ಗಾಳದ ಕೋಲು, ಒಂದು ರೀಲು, ಮೀನಿನ ರೂಪದ ಒಂದೇ ಒಂದು ಹುಸಿ ಎರೆ. ಸರದಿಯ ಮೇಲೆ ಎಸೆಯುತ್ತಿದ್ದರು. ಪೆರಿಯ ಸರದಿಯಲ್ಲಿ ಕಚ್ಚಿದ ಮೀನನ್ನು ಪೇಟೆಗೆ ಒಯ್ದು ತೂಗಿದಾಗ ೨೨ ಪೌಂಡು ೪ ಔನ್ಸು ಬಂದಿತು. ಎಂದರೆ ೧೦ ಕಿಲೊಗ್ರಾಂಗೆ ಕೊಂಚ ಮೇಲೆ. ದೊಡ್ಡ ಬಾಯಿಯ ಬ್ಯಾಸ್ ಮೀನುಗಳಲ್ಲಿ ಅಷ್ಟು ತೂಕದ್ದನ್ನು ಅದುವರೆಗೆ ಯಾರೂ ದಾಖಲೆ ಮಾಡಿರಲಿಲ್ಲ. ಬೇಟೆಗಾರಿಕೆಯ ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಪೆರಿಗೆ ಬಹುಮಾನ ದೊರೆಯಿತು. ಮೀನನ್ನು ಮಾತ್ರ ಮನೆಮಂದಿಯೆಲ್ಲ ಬೇಯಿಸಿ ತಿಂದು ಮುಗಿಸಿದ್ದರು.

ಒಂದೇ ಕೋಲು, ಒಂದೇ ಎರೆ ಇದ್ದವನಿಗೆ ಯಾವ ಕೋಲಿಗೆ ಯಾವ ಎರೆ ಎಂಬ ಚಿಂತೆ ಎಲ್ಲಿಯದು? ಇಂದು ಅದೇ ದೇಶದಲ್ಲಿ ಬ್ಯಾಸ್ ಮೀನಿನ ಬೆನ್ನು ಹತ್ತಿದವನ ದೋಣಿಯನ್ನು ನೋಡಬೇಕು. ಎಂಟು ಹತ್ತು ಕೋಲುಗಳು ಸಾಲಾಗಿ ಮಲಗಿರುತ್ತವೆ. ಪೆಟ್ಟಿಗೆಗಳ ತುಂಬ ಬಣ್ಣ ಬಣ್ಣದ ಎರೆಗಳು. ಮರದವು, ಪ್ಲಾಸ್ಟಿಕ್ಕಿನವು, ರಬ್ಬರಿನ ಕುಚ್ಚು ಕಟ್ಟಿದವು. ಪ್ರತಿಯೊಂದು ಕೋಲಿನ ಹಿಡಿಯ ಮೇಲ್ಗಡೆಯೂ ಚಿಕ್ಕ ಅಕ್ಷರಗಳ ಒಂದು ಸಾಲು ಅಚ್ಚಾಗಿರುತ್ತದೆ. ಮೀಡಿಯಂ ಹೆವಿ, ಫಾಸ್ಟ್, ಎರೆಯ ತೂಕ ಕಾಲರಿಂದ ಮುಕ್ಕಾಲು ಔನ್ಸು, ದಾರ ೧೦ರಿಂದ ೨೦ ಪೌಂಡು, ಹೀಗೆ. ಈ ಸಾಲನ್ನು ಕೋಲಿನ ಜಾತಕವೆಂದೇ ಕರೆಯಬಹುದು. ಎರೆಯ ಜಾತಕದೊಡನೆ ಅದು ಕೂಡಿ ಬರದಿದ್ದರೆ ಸಂಸಾರ ಸುಖವಾಗಿ ಸಾಗುವುದಿಲ್ಲ. ಆದರೂ ಅಂಗಡಿಯಲ್ಲಿ ಕೋಲನ್ನು ಕೊಳ್ಳುವ ಹತ್ತು ಜನರಲ್ಲಿ ಅದನ್ನು ನಿಧಾನವಾಗಿ ಓದುವವರು ಇಬ್ಬರೋ ಮೂವರೋ. ಉಳಿದವರು ಕೋಲಿನ ಬಣ್ಣ ನೋಡುತ್ತಾರೆ, ಗಾಳಿಯಲ್ಲಿ ಎರಡು ಸಲ ಬೀಸಿ ನೋಡುತ್ತಾರೆ, ಬೆಲೆ ಕೇಳುತ್ತಾರೆ.

ಮೀನಿನ ವಿಚಾರವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಬ್ಯಾಸ್ ಎಂಬ ಹೆಸರಿದ್ದರೂ ಇದು ನಿಜವಾದ ಬ್ಯಾಸ್ ಕುಲಕ್ಕೆ ಸೇರಿದುದಲ್ಲ; ಉತ್ತರ ಅಮೆರಿಕದ ಸಿಹಿನೀರಿನ ಸನ್‌ಫಿಷ್ ಎಂಬ ಕುಟುಂಬದ್ದು. ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಕ್ಕಿಂತ, ಮುಳುಗಿದ ಬೊಡ್ಡೆಯ ಮರೆಯಲ್ಲೋ ಜೊಂಡಿನ ಸಂದಿಯಲ್ಲೋ ತಾವರೆಯೆಲೆಯ ನೆರಳಿನಲ್ಲೋ ಹೊಂಚುಹಾಕಿ ಕುಳಿತಿರುವುದು ಇದರ ಸ್ವಭಾವ. ಏನಾದರೂ ಹತ್ತಿರ ಸುಳಿದರೆ ಬಾಯಿಯನ್ನು ಅಗಲವಾಗಿ ತೆರೆದು ನೀರಿನೊಡನೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಹಿಡಿಸದಿದ್ದರೆ ಕ್ಷಣಾರ್ಧದಲ್ಲಿ ಉಗುಳಿಬಿಡುತ್ತದೆ. ಚಿಕ್ಕ ಮೀನು, ಕಪ್ಪೆ, ಸಿಗಡಿಯ ಜಾತಿಯ ಕ್ರೇಫಿಷ್, ಒಮ್ಮೊಮ್ಮೆ ಬಾತುಕೋಳಿಯ ಮರಿ, ಯಾವುದನ್ನೂ ಬಿಡದು. ತಿನ್ನುವುದು ಇಷ್ಟು ಬಗೆಯಾದುದರಿಂದಲೇ ಎರೆಗಳೂ ಇಷ್ಟು ಬಗೆ. ತಿಳಿನೀರಿನಲ್ಲಿ ಸದ್ದಿಲ್ಲದೆ ಬೀಳಬೇಕಾದ ಪುಟ್ಟ ಹುಳುವಿನಂಥದು ಒಂದು ಕಡೆ. ಕ್ಯಾಲಿಫೋರ್ನಿಯದ ಜಲಾಶಯಗಳಲ್ಲಿ ಟ್ರೌಟ್ ಮೀನುಗಳನ್ನು ನುಂಗಿ ಕೊಬ್ಬಿದ ಬ್ಯಾಸುಗಳಿಗೆಂದು ಮಾಡಿದ, ಅಂಗೈಗಿಂತ ಉದ್ದದ ಹುಸಿ ಟ್ರೌಟ್ ಇನ್ನೊಂದು ಕಡೆ. ಮೊದಲನೆಯದು ಅರೆಕಾಲು ಔನ್ಸು ತೂಗಿದರೆ ಎರಡನೆಯದು ಎರಡರಿಂದ ಎಂಟು ಔನ್ಸು.

ಅರೆಕಾಲು ಎಂದಾಗ ಹಳೆಯ ಮಗ್ಗಿ ಕಲಿತ ಹಿರಿಯರಿಗೆ ಸಂತೋಷವಾಗಬಹುದು. ಅಮೆರಿಕದ ಎರೆಗಳ ಲೆಕ್ಕವೆಲ್ಲ ಇಂದಿಗೂ ನಮ್ಮ ಕಾಲು, ಅರೆಕಾಲು, ವೀಸದ ಲೆಕ್ಕವೇ. ವೀಸ ಔನ್ಸು, ಮೂರು ವೀಸ, ಕಾಲು, ಮೂರು ಅರೆಕಾಲು, ಅರ್ಧ, ಮುಕ್ಕಾಲು. ಒಂದು ಔನ್ಸು ಎಂದರೆ ೨೮ ಗ್ರಾಮಿಗೆ ಕೊಂಚ ಹೆಚ್ಚು. ಬ್ಯಾಸ್ ಗಾಳಗಾರನ ಕೈಯಲ್ಲಿ ಅತಿ ಹೆಚ್ಚು ಓಡಾಡುವ ಮೂರು ಅರೆಕಾಲು ಔನ್ಸಿನ ಎರೆ ಒಂದು ತೊಲ ಬಂಗಾರಕ್ಕಿಂತ ಸ್ವಲ್ಪ ಕಡಮೆ ತೂಗುತ್ತದೆ.

ಇಷ್ಟು ಹಗುರವಾದ ವಸ್ತುವಿಗಾಗಿ ಇಷ್ಟು ಲೆಕ್ಕಾಚಾರವೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಐದು ಪೌಂಡಿನ ಮೀನನ್ನು ಎಳೆದು ತರುವ ಕೋಲು ಒಂದು ಔನ್ಸಿನ ಎರೆಗೆ ಹೆದರಬೇಕೆ? ಉತ್ತರ ಎಸೆತದಲ್ಲಿದೆ. ಗಾಳದ ಕೋಲು ಎರೆಯನ್ನು ಎಸೆಯುವುದು ಕಲ್ಲನ್ನು ಕೈಯಿಂದ ಎಸೆದ ಹಾಗಲ್ಲ; ಬಿಲ್ಲು ಬಾಣವನ್ನು ಎಸೆದ ಹಾಗೆ. ಗಾಳಗಾರ ಕೋಲನ್ನು ಹಿಂದಕ್ಕೊಯ್ದು ಮುಂದಕ್ಕೆ ಬೀಸಿದಾಗ ತುದಿಯಲ್ಲಿ ತೂಗುವ ಎರೆ ತನ್ನ ಜಡತ್ವದಿಂದ ಹಿಂದೆಯೇ ಉಳಿಯಲು ನೋಡುತ್ತದೆ. ಅದರ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗಿ, ತೋಳಿನ ಶಕ್ತಿಯನ್ನು ತನ್ನ ಮೈಯಲ್ಲಿ ತುಂಬಿಕೊಳ್ಳುತ್ತದೆ. ಬೀಸು ನಿಂತೊಡನೆ ನೆಟ್ಟಗಾಗುತ್ತ ಆ ಶಕ್ತಿಯನ್ನೆಲ್ಲ ಎರೆಗೆ ಕೊಟ್ಟುಬಿಡುತ್ತದೆ. ಬಾಗದ ಕೋಲು ಹೆದೆಯೇರಿಸದ ಬಿಲ್ಲು.

ಚಿಕ್ಕ ಲೆಕ್ಕವೊಂದನ್ನು ಹಾಕಿ ನೋಡೋಣ. ಎರೆ ೪೦ ಮೀಟರು ದೂರ ಹೋಗಿ ಬೀಳಬೇಕಾದರೆ, ಗಾಳಿಯ ತಡೆಯನ್ನೂ ಸೇರಿಸಿಕೊಂಡು, ಅದು ಕೋಲಿನಿಂದ ಹೊರಡುವಾಗ ಸೆಕೆಂಡಿಗೆ ೨೫ ಮೀಟರಿನಷ್ಟು ವೇಗವಿರಬೇಕೆನ್ನಿ. ಗಂಟೆಗೆ ೯೦ ಕಿಲೊಮೀಟರು! ಈ ವೇಗವನ್ನು ಅದು ಸುಮಾರು ಎರಡು ಮೀಟರಿನ ಹಾದಿಯಲ್ಲಿ ಗಳಿಸಿಕೊಳ್ಳಬೇಕು. ಅದಕ್ಕೆ ಬೇಕಾಗುವ ಸೆಳೆತ ಭೂಮಿಯ ಸೆಳೆತದ ಹದಿನಾರು ಪಟ್ಟು. ಆದ್ದರಿಂದ ಅರ್ಧ ಔನ್ಸಿನ ಎರೆ ಆ ಗಳಿಗೆಯಲ್ಲಿ ಕೋಲಿನ ತುದಿಗೆ ಎಂಟು ಔನ್ಸಿನಂತೆ ಭಾರವಾಗುತ್ತದೆ. ಎರಡು ಔನ್ಸಿನದು ಎರಡು ಪೌಂಡಿನಂತೆ. ಮೀನಾದರೋ ನೀರಿನಲ್ಲಿ ತೇಲುತ್ತಿರುತ್ತದೆ, ಅದು ಜೋರಾಗಿ ಎಳೆದರೆ ರೀಲು ಜಾರಿ ದಾರವನ್ನು ಬಿಟ್ಟುಕೊಡುತ್ತದೆ. ಎಸೆತದಲ್ಲಿ ಅಂಥ ದಾಕ್ಷಿಣ್ಯವಿಲ್ಲ. ಕೋಲಿನ ಮೇಲೆ ಅಚ್ಚಾದ ಔನ್ಸಿನ ಅಂಕೆಗಳು ತೂಗುಹಾಕುವ ಭಾರಕ್ಕಲ್ಲ, ಬೀಸುವ ಭಾರಕ್ಕೆ ಹೇಳಿದವು ಎಂಬುದನ್ನು ನೆನಪಿನಲ್ಲಿಟ್ಟರೆ ಮಿಕ್ಕದ್ದೆಲ್ಲ ಸುಲಭ.

ಗಡುಸಾದ ಕೋಲಿಗೆ ತೀರ ಹಗುರವಾದ ಎರೆಯನ್ನು ಕಟ್ಟಿದರೆ ಏನಾಗುತ್ತದೆ? ಕೋಲು ಬಾಗುವುದೇ ಇಲ್ಲ. ಎಲ್ಲ ಕೆಲಸವನ್ನೂ ತೋಳೇ ಮಾಡಬೇಕಾಗುತ್ತದೆ. ಬೀಸಿದಷ್ಟೂ ಎರೆ ಹತ್ತಿರದಲ್ಲೇ ಬೀಳುತ್ತದೆ. ಗುರಿಯಂತೂ ದೂರದ ಮಾತು. ಬೇಟ್‌ಕಾಸ್ಟಿಂಗ್ ರೀಲಿದ್ದರೆ ಮತ್ತೊಂದು ಅನರ್ಥ ಕಾದಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕೆಂಟಕಿ ಸಂಸ್ಥಾನದ ಪ್ಯಾರಿಸ್ ಎಂಬ ಊರಿನ ಗಡಿಯಾರದ ಕೆಲಸಗಾರ ಜಾರ್ಜ್ ಸ್ನೈಡರ್ ಹಲ್ಲುಚಕ್ರಗಳನ್ನು ಜೋಡಿಸಿ ಮಾಡಿದ ರೀಲು ಈ ವಂಶದ ಮೂಲಪುರುಷ. ಇದರಲ್ಲಿ ಹಾರುವ ಎರೆಯೇ ದಾರ ಸುತ್ತಿದ ಉರುಳೆಯನ್ನು ತಿರುಗಿಸಬೇಕು. ಹಗುರವಾದ ಎರೆ ಗಾಳಿಯಲ್ಲಿ ಬೇಗ ಸೋಲುತ್ತದೆ, ಉರುಳೆ ಮಾತ್ರ ತನ್ನ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಹೋಗಲು ದಾರಿಯಿಲ್ಲದ ದಾರ ಗೋಜಲಾಗಿ ಸಿಕ್ಕುಹಾಕಿಕೊಳ್ಳುತ್ತದೆ. ಅಮೆರಿಕನರು ಇದನ್ನು ಹಕ್ಕಿಗೂಡು ಎನ್ನುತ್ತಾರೆ. ಅದನ್ನು ಬಿಡಿಸುತ್ತ ಕುಳಿತವನ ಮುಖವನ್ನು ನೋಡಿದವರು ಆ ಹೆಸರಿಗೆ ನಗಲಾರರು.

ಹಗುರವಾದ ಎರೆಗೆ ಬೇರೊಂದು ರೀಲು ಉಂಟು. ಇಂಗ್ಲೆಂಡಿನ ಬಟ್ಟೆ ಗಿರಣಿಯ ಒಡೆಯ ಆಲ್ಫ್ರೆಡ್ ಇಲಿಂಗ್‌ವರ್ತ್ ೧೯೦೫ರಲ್ಲಿ ಹಕ್ಕುಪತ್ರ ಪಡೆದ ರೀಲಿನಲ್ಲಿ ಎಸೆಯುವಾಗ ಉರುಳೆ ಅಲುಗಾಡುವುದೇ ಇಲ್ಲ. ಗಿರಣಿಯ ಕದಿರಿನಿಂದ ನೂಲು ಕಳಚುವಂತೆ ದಾರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಕಳಚಿಹೋಗುತ್ತದೆ. ಇಂದಿನ ಸ್ಪಿನ್ನಿಂಗ್ ರೀಲು ಇದರ ಸಂತಾನ. ಬ್ಯಾಸ್ ಹಿಡಿಯುವವರಲ್ಲಿ ಒಂದು ರೂಢಿಯೇ ಬೆಳೆದುಬಂದಿದೆ: ಕಾಲು ಔನ್ಸಿಗಿಂತ ಕೆಳಗಿನದೆಲ್ಲ ಸ್ಪಿನ್ನಿಂಗ್ ಕೋಲಿಗೆ, ಮೇಲಿನದು ಬೇಟ್‌ಕಾಸ್ಟಿಂಗ್ ಕೋಲಿಗೆ. ಒಳ್ಳೆಯ ರೂಢಿ.

ಹಗುರವಾದ ಎರೆಯಿಂದ ಬರುವುದು ಬೇಸರ. ಭಾರವಾದ ಎರೆಯಿಂದ ಬರುವುದು ಅಪಾಯ. ಕಾಲು ಔನ್ಸಿಗೆಂದು ಮಾಡಿದ ಮೃದುವಾದ ಕೋಲಿಗೆ ಒಂದು ಔನ್ಸಿನ ಎರೆಯನ್ನು ಕಟ್ಟಿ ಬೀಸಿದರೆ ಕೋಲು ಬುಡದವರೆಗೆ ಬಾಗಿ, ಬೀಸು ಮುಗಿದ ಮೇಲೂ ಮೇಲೇಳಲು ಹೊತ್ತು ತೆಗೆದುಕೊಳ್ಳುತ್ತದೆ. ಎರೆ ಎತ್ತಲೋ ಹೋಗುತ್ತದೆ. ಮೃದುವಾದ ಕೋಲಿಗೆ ಸಾಮಾನ್ಯವಾಗಿ ತೆಳುವಾದ ದಾರವೇ ಇರುವುದರಿಂದ, ಬೀಸಿನ ನಡುವೆ ಅದು ಫಕ್ಕನೆ ತುಂಡಾಗುವುದೂ ಉಂಟು. ಮೂರು ಮುಳ್ಳಿನ ಕೊಕ್ಕೆಗಳೆರಡನ್ನು ಹೊತ್ತ ಎರೆ ದೋಣಿಯ ಇನ್ನೊಂದು ತುದಿಯಲ್ಲಿ ಕುಳಿತವನ ಕಡೆಗೆ ಹಾರಿದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳನ್ನು ಜೊತೆಗೆ ಕರೆದೊಯ್ಯುವವರು ಇದೊಂದನ್ನಾದರೂ ಗಮನಿಸತಕ್ಕದ್ದು. ಇನ್ನು ಕೋಲೇ ಮುರಿಯುವುದು. ಮುರಿದ ಕೋಲನ್ನು ಕೈಯಲ್ಲಿ ಹಿಡಿದು ಅಂಗಡಿಯ ಮುಂದೆ ನಿಲ್ಲುವವರೆಲ್ಲ ಕೋಲು ಕಳಪೆಯೆಂದೇ ಹೇಳುತ್ತಾರೆ. ಏನು ಕಟ್ಟಿ ಬೀಸಿದಿರಿ ಎಂದು ಕೇಳಿದರೆ ಮಾತು ಬದಲಾಗುತ್ತದೆ.

ಹಿಂದಿನವರಿಗೆ ಈ ಪಜೀತಿ ಇಷ್ಟಿರಲಿಲ್ಲ. ಆಗಿನ ಎರೆ ಬದುಕಿದ ಮೀನಿನ ಮರಿ. ಜೋರಾಗಿ ಬೀಸಿದರೆ ಅದು ಕೊಕ್ಕೆಯಿಂದ ಕಿತ್ತುಹೋಗುತ್ತಿತ್ತು. ಆದುದರಿಂದ ಉದ್ದವಾದ, ಬಳುಕುವ ಕೋಲಿನಿಂದ ಮೆಲ್ಲಗೆ ತೂರಿಬಿಡುತ್ತಿದ್ದರು. ೧೮೮೧ರಲ್ಲಿ ಜೇಮ್ಸ್ ಹೆನ್ಶಲ್ ಎಂಬ ವೈದ್ಯರು ಬ್ಯಾಸ್ ಮೀನಿನ ಬಗ್ಗೆಯೇ ದೊಡ್ಡದೊಂದು ಗ್ರಂಥವನ್ನು ಬರೆದು, ಟ್ರೌಟ್ ಮತ್ತು ಸಾಲ್ಮನ್‌ಗಳ ಮುಂದೆ ಮೂಲೆಗುಂಪಾಗಿದ್ದ ಈ ಮೀನಿಗೆ ಮರ್ಯಾದೆ ತಂದುಕೊಟ್ಟರು. ಗಾಳ ಹಾಕುವ ವಿದ್ಯೆಯನ್ನು ಕುರಿತ ಇನ್ನೊಂದು ಹೆಸರಾಂತ ಇಂಗ್ಲಿಷ್ ಗ್ರಂಥ ಅದಕ್ಕೂ ಎಂಟು ವರ್ಷ ಮೊದಲೇ, ೧೮೭೩ರಲ್ಲಿ, ನಮ್ಮ ಮಂಗಳೂರಿನಲ್ಲಿ ಪ್ರಕಟವಾಯಿತೆಂಬುದು ಹಲವರಿಗೆ ತಿಳಿಯದು. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯ’ ಅದು. ಅದರ ಕಥಾನಾಯಕ ಮಹಶೀರ್ ಮೀನು. ಬ್ಯಾಸ್‌ಗೂ ಅದಕ್ಕೂ ನಂಟಿಲ್ಲ.

ಮಿಶಿಗನ್ನಿನ ಡೋವಾಜಿಯಾಕ್ ಎಂಬ ಊರಿನಲ್ಲಿ ಜೇನು ಸಾಕುತ್ತಿದ್ದ ಜೇಮ್ಸ್ ಹೆಡನ್ ಎಂಬಾತ ಗೆಳೆಯನಿಗಾಗಿ ಕಾಯುತ್ತ ಕೆರೆಯ ದಂಡೆಯಲ್ಲಿ ಕುಳಿತು, ಹೊತ್ತು ಕಳೆಯಲು ಮರದ ತುಂಡೊಂದನ್ನು ಚಾಕುವಿನಿಂದ ಕೆತ್ತಿ ನೀರಿಗೆ ಎಸೆದನಂತೆ. ಎಲ್ಲಿತ್ತೋ ಬ್ಯಾಸ್, ಮೇಲಕ್ಕೆ ಚಿಮ್ಮಿ ಅದನ್ನು ಹೊಡೆಯಿತಂತೆ. ಈ ಕಥೆಯಲ್ಲಿ ನಿಜವೆಷ್ಟೋ. ಹೆಡನ್ನನ ಮನೆತನದವರು ಮರದ ಎರೆಗಳನ್ನು ಮಾಡಿ ಮಾರಿ ಹೆಸರು ಗಳಿಸಿದ್ದಂತೂ ನಿಜ. ಮರದ ಎರೆಗೆ ಕಿತ್ತುಹೋಗುವ ಭಯವಿಲ್ಲ. ತಲೆಯ ಮೇಲಿಂದ ಬೀಸಿ ದೂರ ಎಸೆಯಬಹುದು. ಉದ್ದವಾದ ಬಳುಕುಕೋಲು ಹಿಂದೆ ಸರಿದು ಆರಡಿಯ ಆಸುಪಾಸಿನ ಮೊಟಕು ಕೋಲು ಮುಂದೆ ಬಂತು. ಎರೆ ಬದಲಾದುದರಿಂದ ಕೋಲು ಬದಲಾಯಿತು.

ಕೋಲಿನ ದ್ರವ್ಯವೂ ಬದಲಾಗುತ್ತ ಬಂದಿತು. ಒಳ್ಳೆಯ ಕೋಲೆಂದರೆ ಚೀನಾದ ಟಾಂಕಿನ್ ಬಿದಿರನ್ನು ಆರು ಸೀಳುಗಳಾಗಿ ಸೀಳಿ ಅಂಟಿಸಿ ಮಾಡಿದ್ದು ಎಂಬ ಕಾಲವೊಂದಿತ್ತು. ೧೯೫೦ರಲ್ಲಿ ಕೊರಿಯ ಯುದ್ಧದ ದೆಸೆಯಿಂದ ಅಮೆರಿಕ ಚೀನಾದೊಡನೆ ವ್ಯಾಪಾರ ನಿಲ್ಲಿಸಿದಾಗ ಆ ಬಿದಿರು ಬರುವುದು ನಿಂತಿತು. ಅಷ್ಟರಲ್ಲಿ ಗಾಜಿನ ನಾರಿನ ಕೋಲು ಪೇಟೆಗೆ ಬಂದಾಗಿತ್ತು. ೧೯೭೩ರಲ್ಲಿ ಫೆನ್ವಿಕ್ ಕಂಪೆನಿ ಇಂಗಾಲದ ನಾರಿನ ಕೋಲನ್ನು ಹೊರತಂದಿತು. ಗಾಜಿನ ನಾರು ತೂಕ, ಬಳುಕು ಹೆಚ್ಚು. ಒರಟು ಬಳಕೆಯನ್ನು ಸಹಿಸಿಕೊಳ್ಳುತ್ತದೆ. ಇಂಗಾಲದ ನಾರು ಹಗುರ, ಬಿರುಸು. ಹುಲ್ಲಿನೆಸಳು ತಾಗಿದರೂ ಕೈಗೆ ತಿಳಿಸುತ್ತದೆ. ಆದರೆ ದೋಣಿಯ ಅಂಚಿಗೆ ಬಡಿದು ಕಾಣದಂಥ ಒಂದು ಗೀರು ಬಿದ್ದಿತೆಂದರೆ, ಮುಂದೊಂದು ದಿನ ಭಾರವಾದ ಎಸೆತದಲ್ಲಿ ಅಲ್ಲಿಯೇ ಸಿಡಿದುಹೋಗುತ್ತದೆ. ಅಂಕೆಯ ಮೇರೆಯನ್ನು ಮೀರಿದರೂ ಗಾಜಿನ ಕೋಲು ಕ್ಷಮಿಸೀತು, ಇಂಗಾಲದ್ದು ಕ್ಷಮಿಸದು.

ಜಾತಕದ ಸಾಲಿನಲ್ಲಿ ಮೀಡಿಯಂ, ಹೆವಿ ಎಂಬುದು ಕೋಲಿನ ಕಸುವನ್ನು ಹೇಳುತ್ತದೆ. ಎಂದರೆ ಅದನ್ನು ಬಗ್ಗಿಸಲು ಎಷ್ಟು ಬಲ ಬೇಕು ಎಂಬುದನ್ನು. ಫಾಸ್ಟ್, ಮಾಡರೇಟ್ ಎಂಬುದು ಎಲ್ಲಿ ಬಾಗುತ್ತದೆ ಎಂಬುದನ್ನು. ಫಾಸ್ಟ್ ಕೋಲು ತುದಿಯ ಬಳಿ ಮಾತ್ರ ಬಾಗುತ್ತದೆ, ಮಾಡರೇಟ್ ಕೋಲು ನಡುವಿನವರೆಗೆ ಬಾಗುತ್ತದೆ. ಇವೆರಡನ್ನು ಒಂದೇ ಎಂದು ತಿಳಿಯುವವರೇ ಬಹಳ. ಕೇವಲ ತೂಕವನ್ನು ನೋಡಿ ಎರೆಯನ್ನು ಕೂಡಿಸುವುದೂ ಸಾಲದು. ಅರ್ಧ ಔನ್ಸಿನ ಎರಡು ಎರೆಗಳಿವೆಯೆನ್ನಿ. ಒಂದು ಜಿಗ್: ಸೀಸದ ತಲೆ, ದಪ್ಪನೆಯ ಒಂದೇ ಕೊಕ್ಕೆ, ಕೊಕ್ಕೆಯ ಬಾಯಿಗೆ ಕಸ ಸಿಕ್ಕದಂತೆ ಕಾವಲು. ಬೊಡ್ಡೆಗಳ ನಡುವೆ ಇಳಿಸಿ, ಮೀನು ಬಾಯಿಗೆ ತೆಗೆದುಕೊಂಡೊಡನೆ ಬಲವಾಗಿ ಎಳೆದು ಗಟ್ಟಿ ದವಡೆಗೆ ಚುಚ್ಚಿಸಬೇಕು. ಅದಕ್ಕೆ ಗಡುಸಾದ ಫಾಸ್ಟ್ ಕೋಲು ತಕ್ಕುದು. ಇನ್ನೊಂದು ಕ್ರ್ಯಾಂಕ್‌ಬೇಟ್: ಮರದ್ದೋ ಪ್ಲಾಸ್ಟಿಕ್ಕಿನದೋ ಮೀನು, ಹೊಟ್ಟೆಯಡಿ ಸಣ್ಣ ತಂತಿಯ ಮೂರು ಮುಳ್ಳಿನ ಕೊಕ್ಕೆಗಳು. ಮೀನು ಓಡುತ್ತಲೇ ಹೊಡೆದು ತಾನೇ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಗಡುಸು ಕೋಲಿನಿಂದ ಜಗ್ಗಿದರೆ ತುಟಿಯ ಚರ್ಮ ಹರಿದು ಮೀನು ಜಾರಿಕೊಳ್ಳುತ್ತದೆ. ಗಾಜಿನ ನಾರಿನ ಮೃದುವಾದ ಮಾಡರೇಟ್ ಕೋಲು ಬೇಕು. ಇಂಗಾಲದ ಕೋಲುಗಳ ಈ ಕಾಲದಲ್ಲೂ ಬಲ್ಲವರು ಹಳೆಯ ಗಾಜಿನ ಕೋಲನ್ನು ಮೂಲೆಗೆ ಎಸೆಯದಿರುವುದು ಈ ಕಾರಣದಿಂದ.

ದಾರದ ಅಂಕೆಯ ಮಾತು ಸ್ವಲ್ಪ ಸೂಕ್ಷ್ಮವಾದುದು. ೧೦ರಿಂದ ೨೦ ಪೌಂಡು ಎಂದರೆ ದಾರ ಆ ಭಾರಕ್ಕೆ ತುಂಡಾಗುತ್ತದೆಂದು ಅರ್ಥ. ಹಾಗೆ ತುಂಡಾಗುವುದೇ ಕೋಲಿಗೆ ರಕ್ಷೆ. ಗಾಳ ಬೊಡ್ಡೆಗೆ ಸಿಕ್ಕಿಕೊಂಡು ಗಾಳಗಾರ ಕೋಪದಿಂದ ಜಗ್ಗಿದಾಗ ಮುರಿಯಬೇಕಾದುದು ಹರಿದರೆ ಮತ್ತೆ ಕಟ್ಟಬಹುದಾದ ದಾರ, ಕೋಲಲ್ಲ. ಈ ಅಂಕೆಗಳು ನೈಲಾನ್ ದಾರದ ಕಾಲದವು. ಈಗ ಹೆಣೆದ ದಾರ ಬಂದಿದೆ. ೧೨ ಪೌಂಡಿನ ನೈಲಾನ್ ಎಷ್ಟು ದಪ್ಪವೋ ಅಷ್ಟೇ ದಪ್ಪದ ಹೆಣೆದ ದಾರ ೫೦ ಪೌಂಡಿನ ಎಳೆತವನ್ನು ತಡೆಯುತ್ತದೆ. ನೋಡಲು ತೆಳ್ಳಗಿದೆಯೆಂದು ಅದನ್ನು ನಡುತರದ ಕೋಲಿಗೆ ಸುತ್ತಿ, ರೀಲನ್ನು ಬಿಗಿಮಾಡಿ ಜಗ್ಗಿದರೆ, ಇಡೀ ಸಲಕರಣೆಯಲ್ಲಿ ಎಲ್ಲಕ್ಕಿಂತ ದುರ್ಬಲವಾದುದು ಕೋಲೇ ಆಗಿಬಿಡುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಮನುಷ್ಯನ ಲಾಭನಷ್ಟ. ಮೀನಿಗೂ ಇದರಲ್ಲಿ ಪಾಲಿದೆ. ೧೯೬೮ರಲ್ಲಿ ಅಲಬಾಮಾದ ರೇ ಸ್ಕಾಟ್ ಬ್ಯಾಸ್ ಗಾಳಗಾರರ ಸಂಘವನ್ನು ಸ್ಥಾಪಿಸಿ ದೊಡ್ಡ ದೊಡ್ಡ ಪಂದ್ಯಗಳನ್ನು ಏರ್ಪಡಿಸಿದರು. ಹಿಡಿದ ಮೀನುಗಳೆಲ್ಲ ಸಾಯುವುದನ್ನು ಕಂಡು ೧೯೭೨ರಿಂದ ಅವುಗಳನ್ನು ಜೀವಸಹಿತ ನೀರಿಗೆ ಬಿಡುವ ಪದ್ಧತಿಯನ್ನು ತಂದರು. ದೋಣಿಯಲ್ಲೇ ನೀರಿನ ತೊಟ್ಟಿ, ಅದಕ್ಕೆ ಗಾಳಿ ಊದುವ ಯಂತ್ರ, ಇವೆಲ್ಲ ರೂಢಿಗೆ ಬಂದುವು. ಪೆರಿಯ ಮನೆಯವರು ಮಾಡಿದಂತೆ ಮೀನನ್ನು ಒಲೆಯ ಮೇಲಿಡುವವರು ಬ್ಯಾಸ್ ಗಾಳಗಾರರಲ್ಲಿ ಈಗ ಕಡಮೆ. ಆದರೆ ಬಿಟ್ಟ ಮೀನು ಬದುಕಬೇಕಲ್ಲ! ಮೃದುಕೋಲಿನಿಂದ ದೊಡ್ಡ ಮೀನಿನೊಡನೆ ಬಹಳ ಹೊತ್ತು ಸೆಣಸಿದರೆ ಅದರ ಮಾಂಸಖಂಡಗಳಲ್ಲಿ ಆಮ್ಲ ಸೇರಿ ಅದು ದಣಿದುಹೋಗುತ್ತದೆ. ಬೇಸಗೆಯ ಬೆಚ್ಚನೆಯ ನೀರಿನಲ್ಲಿ ಮೊದಲೇ ಪ್ರಾಣವಾಯು ಕಡಮೆ. ನೀರಿಗೆ ಬಿಟ್ಟಾಗ ಈಜಿಹೋದಂತೆ ಕಂಡ ಮೀನು ಆಮೇಲೆ ಸತ್ತು ತೇಲಿದರೆ ಬಿಟ್ಟ ಪುಣ್ಯವೆಲ್ಲಿ? ದಾರ ತುಂಡಾಗಿ ಎರೆಯನ್ನು ಬಾಯಲ್ಲಿ ಹೊತ್ತು ತಿರುಗುವ ಮೀನಿನ ಪಾಡು ಇನ್ನೂ ಕೆಟ್ಟದು. ತಕ್ಕ ಕಸುವಿನ ಕೋಲು ಸೆಣಸನ್ನು ಬೇಗ ಮುಗಿಸುತ್ತದೆ. ಅದರ ಉಪಕಾರವನ್ನು ಮೊದಲು ಉಣ್ಣುವುದು ಮೀನು.

ಹೀಗೆ ಅಂಕೆಗಳನ್ನು ನಂಬಿ ನಡೆಯಬೇಕೆಂದು ಹೇಳುವಾಗಲೇ ಒಂದು ತೊಡಕು ಎದುರಾಗುತ್ತದೆ. ಈ ಅಂಕೆಗಳನ್ನು ಬರೆಯುವವರು ಯಾರು? ಕೋಲು ಮಾಡುವ ಕಂಪೆನಿಯವರೇ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಹೆವಿ. ರೆಕ್ಕೆಹುಳುವಿನ ರೂಪದ ಎರೆಯನ್ನು ಎಸೆಯುವ ಫ್ಲೈ ಗಾಳಗಾರರು ಈ ವಿಷಯದಲ್ಲಿ ಜಾಣರು. ಅವರಲ್ಲಿ ದಾರವೇ ಎಸೆತದ ಭಾರ. ೧೯೬೧ರಲ್ಲಿ ತಯಾರಕರೆಲ್ಲ ಕೂಡಿ ದಾರದ ಮೊದಲ ಮೂವತ್ತು ಅಡಿಯ ತೂಕಕ್ಕೆ ಕ್ರಮಾಂಕ ಕೊಟ್ಟರು. ೫ನೆಯ ನಂಬರಿಗೆ ೧೪೦ ಗ್ರೇನು, ೮ನೆಯದಕ್ಕೆ ೨೧೦ ಗ್ರೇನು. ಯಾರು ಮಾಡಿದರೂ ಆ ನಂಬರಿನ ದಾರದ ಗುರಿ ಅದೇ ತೂಕ. ಬ್ಯಾಸ್ ಕೋಲುಗಳಿಗೆ ಅಂಥ ಒಪ್ಪಂದ ಇಂದಿಗೂ ಆಗಿಲ್ಲ. ವ್ಯಾಪಾರಕ್ಕೆ ಗೊಂದಲ ಅನುಕೂಲವೋ ಏನೋ.

ಕಂಪೆನಿಗಳ ಮಾತನ್ನು ನಂಬದೆ ಕೋಲನ್ನು ತಾನೇ ತೂಗಿ ನೋಡುವ ಬಗೆಯೊಂದನ್ನು ಈ ಶತಮಾನದ ಆದಿಯಲ್ಲಿ ಡಾಕ್ಟರ್ ವಿಲಿಯಂ ಹ್ಯಾನಮನ್ ಎಂಬುವರು ಕಂಡುಹಿಡಿದರು. ಮೊದಲು ಫ್ಲೈ ಕೋಲುಗಳಿಗೆಂದು ಹೊರಟ ಈ ಉಪಾಯ ಮಿಕ್ಕ ಕೋಲುಗಳಿಗೂ ಹಬ್ಬಿತು. ಅದರ ಸರಳತೆ ಮೆಚ್ಚತಕ್ಕದ್ದು. ಕೋಲಿನ ಬುಡವನ್ನು ಮೇಜಿಗೆ ಅಡ್ಡಲಾಗಿ ಬಿಗಿದು, ತುದಿಗೆ ಸಣ್ಣದೊಂದು ಚೀಲವನ್ನು ತೂಗುಹಾಕಿ, ಅದರೊಳಗೆ ಅಮೆರಿಕದ ಒಂದು ಸೆಂಟಿನ ನಾಣ್ಯಗಳನ್ನು ಒಂದೊಂದಾಗಿ ಹಾಕುತ್ತ ಹೋಗುವುದು. ಕೋಲಿನ ಉದ್ದದ ಮೂರರಲ್ಲೊಂದು ಪಾಲಿನಷ್ಟು ತುದಿ ಕೆಳಕ್ಕಿಳಿದಾಗ ನಿಲ್ಲಿಸಿ ನಾಣ್ಯಗಳನ್ನು ಎಣಿಸುವುದು. ಏಳಡಿಯ ಕೋಲಾದರೆ ತುದಿ ೨೮ ಅಂಗುಲ ಇಳಿಯಬೇಕು. ಎಷ್ಟು ನಾಣ್ಯವೋ ಅಷ್ಟು ಕೋಲಿನ ಕಸುವು. ೧೯೮೨ರ ಈಚಿನ ಸೆಂಟು ಸರಿಯಾಗಿ ಎರಡೂವರೆ ಗ್ರಾಂ ತೂಗುವುದರಿಂದ ಯಾವ ಊರಿನಲ್ಲಿ ತೂಗಿದರೂ ಲೆಕ್ಕ ಒಂದೇ. ೨೦೨೫ರ ನವೆಂಬರಿನಲ್ಲಿ ಅಮೆರಿಕದ ಸರಕಾರ ಚಲಾವಣೆಗಾಗಿ ಸೆಂಟು ಅಚ್ಚುಹಾಕುವುದನ್ನು ನಿಲ್ಲಿಸಿತು. ಅಂಗಡಿಯಲ್ಲಿ ಬೆಲೆ ಕಳೆದುಕೊಂಡ ನಾಣ್ಯಕ್ಕೆ ಕೋಲು ಕಟ್ಟುವವರ ಮೇಜಿನ ಮೇಲೆ ಕೆಲಸ ತಪ್ಪಿಲ್ಲ.

ಕೋಲಿನ ಅಂಕೆಯಂತೆ ಎರೆಯ ಅಂಕೆಯಲ್ಲೂ ಮೋಸಹೋಗುವುದುಂಟು. ಅರ್ಧ ಔನ್ಸಿನ ಜಿಗ್ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಅದು ಸೀಸದ ತಲೆಯ ಲೆಕ್ಕ. ಮೇಲೆ ರಬ್ಬರಿನ ಕುಚ್ಚು, ಹಿಂದೆ ಸಿಕ್ಕಿಸುವ ಪ್ಲಾಸ್ಟಿಕ್ಕಿನ ಬಾಲ ಇವೆಲ್ಲ ಸೇರಿದರೆ ಮುಕ್ಕಾಲು ಔನ್ಸಿನ ಹತ್ತಿರ ಬರುತ್ತದೆ. ಮುಕ್ಕಾಲೇ ಮೇರೆಯಾದ ಕೋಲಿಗೆ ಅದು ಆಗಲೇ ತುಂಬಿದ ಬಂಡಿ. ಇದಕ್ಕೆ ವಿರುದ್ಧವಾಗಿ, ಸೀಸವೇ ಇಲ್ಲದ ಐದಂಗುಲದ ಉಪ್ಪು ಬೆರೆಸಿದ ಪ್ಲಾಸ್ಟಿಕ್ ಹುಳು ಹಗುರವೆಂದು ತೋರಿದರೂ ಮೂರು ಅರೆಕಾಲು ಔನ್ಸಿನ ಸುಮಾರು ತೂಗುತ್ತದೆ. ಅದನ್ನು ಬೇಟ್‌ಕಾಸ್ಟಿಂಗ್ ಕೋಲಿನಲ್ಲೂ ಸುಖವಾಗಿ ಎಸೆಯಬಹುದು. ಮಸಾಲೆ ತೂಗುವ ಚಿಕ್ಕ ತಕ್ಕಡಿ ಮನೆಯಲ್ಲಿದ್ದರೆ ಒಂದು ಸಂಜೆ ಕುಳಿತು ಎಲ್ಲವನ್ನೂ, ಕಟ್ಟಿ ಸಿದ್ಧಮಾಡಿದ ರೂಪದಲ್ಲೇ, ತೂಗಿ ಬರೆದಿಟ್ಟುಕೊಳ್ಳುವುದು ಲೇಸು. ಕೊಕ್ಕೆಗಳ ವಿಷಯದಲ್ಲಿ ಎಚ್ಚರವಿರಲಿ. ತಕ್ಕಡಿ ಅಡ್ಡಾದಿಡ್ಡಿಯಾಗಿ ಹಿಂದಿರುಗಿದರೆ ಮನೆಯಾಕೆಗೆ ಉತ್ತರ ಹೇಳಬೇಕಾದೀತು.

ಜಪಾನಿನ ಕೋಲುಗಳ ಮೇಲೆ ಗ್ರಾಂ ಲೆಕ್ಕವಿರುತ್ತದೆ. ೭ರಿಂದ ೨೧ ಗ್ರಾಂ ಎಂದರೆ ಕಾಲರಿಂದ ಮುಕ್ಕಾಲು ಔನ್ಸು. ೧೯೨೫ರಲ್ಲಿ ಅಮೆರಿಕದಿಂದ ತಂದು ಆಶಿ ಸರೋವರದಲ್ಲಿ ಬಿಟ್ಟ ಬ್ಯಾಸ್ ಆ ದೇಶದ ತುಂಬ ಹರಡಿ, ಅಲ್ಲಿಯ ಮೂಲದ ಮೀನುಗಳಿಗೆ ಕಂಟಕವಾಯಿತು. ಪೆರಿಯ ದಾಖಲೆಗೆ ಸಮನಾದ ಮೀನು ಸಿಕ್ಕಿದ್ದೂ ಅಲ್ಲಿಯೇ. ೨೦೦೯ರ ಜುಲೈ ೨ರಂದು ಬಿವಾ ಸರೋವರದಲ್ಲಿ ಮನಾಬು ಕುರಿತ ಹಿಡಿದ ಬ್ಯಾಸ್ ೨೨ ಪೌಂಡು ೪.೯೭ ಔನ್ಸು ತೂಗಿತು. ಪೆರಿಯದಕ್ಕಿಂತ ಹೆಚ್ಚೇ. ಆದರೆ ಹಳೆಯ ದಾಖಲೆಯನ್ನು ಮುರಿಯಲು ಕನಿಷ್ಠ ಎರಡು ಔನ್ಸು ಹೆಚ್ಚಿರಬೇಕೆಂದು ಅಂತರರಾಷ್ಟ್ರೀಯ ಸಂಘದ ನಿಯಮವಿರುವುದರಿಂದ ಇಬ್ಬರನ್ನೂ ಸರಿಸಮಾನರೆಂದು ಸಾರಲಾಯಿತು. ಕುರಿತ ಕಟ್ಟಿದ್ದ ಎರೆ ಬದುಕಿದ ಬ್ಲೂಗಿಲ್ ಮೀನು. ಅದೂ ಅಮೆರಿಕದಿಂದ ಜಪಾನಿಗೆ ಬಂದು ನೆಲೆಸಿದ ಜಾತಿಯೇ. ಎಂಟು ಹತ್ತು ಕೋಲುಗಳ ಈ ಯುಗದಲ್ಲಿ ದಾಖಲೆಯನ್ನು ಸರಿಗಟ್ಟಿದ ಮೀನು ಹೆನ್ಶಲ್ಲರ ಕಾಲದ ಎರೆಗೇ ಮರುಳಾಯಿತು.

ಹಳೆಯ ಕೋಲಿನ ಮೇಲಿನ ಬರಹ ಬಿಸಿಲಿಗೂ ಕೈಬೆವರಿಗೂ ಅಳಿಸಿಹೋಗಿರುವುದು ಸಾಮಾನ್ಯ. ಆಗ ನಾಣ್ಯದ ಚೀಲವಿಲ್ಲದೆಯೂ ಒಂದು ಪರೀಕ್ಷೆ ಸಾಧ್ಯ. ಮನೆಯವರೆಲ್ಲ ಹಿಂದೆ ನಿಂತಿರುವ ಬಯಲಿನಲ್ಲಿ, ಕೊಕ್ಕೆಯಿಲ್ಲದ ಸೀಸದ ಗುಂಡುಗಳನ್ನು ಅರೆಕಾಲು ಔನ್ಸಿನಿಂದ ಮೊದಲುಮಾಡಿ ಒಂದೊಂದು ಅರೆಕಾಲನ್ನೇ ಏರಿಸುತ್ತ, ಒಂದೇ ಹದದ ಬೀಸಿನಿಂದ ಎಸೆಯುತ್ತ ಹೋಗಬೇಕು. ಮೊದಮೊದಲು ತೂಕ ಏರಿದಂತೆ ದೂರವೂ ಏರುತ್ತದೆ. ಕೋಲು ಎಚ್ಚತ್ತುಕೊಳ್ಳುತ್ತಿರುವುದು ಅಂಗೈಗೆ ತಿಳಿಯುತ್ತದೆ. ಒಂದು ಹಂತದಲ್ಲಿ ಗುಂಡು ತಾನಾಗಿಯೇ ಹಾರಿಹೋದಂತೆ ಅನ್ನಿಸುತ್ತದೆ. ಅಚ್ಚಾದ ಅಂಕೆಗಳಿರುವ ಕೋಲುಗಳಲ್ಲಿ ಈ ಹಂತ ಸಾಮಾನ್ಯವಾಗಿ ಎರಡು ಅಂಕೆಗಳ ನಡುವಿಗಿಂತ ತುಸು ಮೇಲೆ ಬರುತ್ತದೆ. ಅಲ್ಲಿಂದ ಮುಂದೆ ತೂಕ ಏರಿಸಿದರೆ ದೂರ ಏರುವುದು ನಿಂತು, ಕೋಲು ತಡವಾಗಿ ಮೇಲೇಳುತ್ತಿದೆಯೆಂಬ ಸೋಮಾರಿತನ ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಮುರಿಯುವ ತೂಕ ಯಾವುದೆಂದು ಪರೀಕ್ಷಿಸುವ ಕುತೂಹಲ ಬೇಡ. ಸುಖವಾಗಿ ಹಾರಿದ ತೂಕವನ್ನೂ ಸೋಮಾರಿಯಾದ ತೂಕವನ್ನೂ ಚೀಟಿಯೊಂದರಲ್ಲಿ ಬರೆದು ಹಿಡಿಯ ಮೇಲ್ಗಡೆ ಅಂಟಿಸಿ, ಮೇಲೆ ಒಂದು ಪದರ ವಾರ್ನಿಷ್ ಬಳಿದರೆ ಆಯಿತು.